ತಾಯ್ತನದ ಹಾರರ್ ಸಿನಿಮಾ: ಯಾವ ಮನೆಗೆ ಯಾವುದು?

ಬಾಣಂತಿ ಇರುವ ಮನೆಯಲ್ಲಿ ಹೆದರಿಕೆಯ ಸಿನಿಮಾ ಬೇಡ ಅಂತ ನಮ್ಮ ಕಡೆಯ ಹಿರಿಯರು ಹೇಳುವುದುಂಟು. ತೊಟ್ಟಿಲ ಅಡಿಗೆ ಕಬ್ಬಿಣದ ಕತ್ತಿ ಇಟ್ಟು, ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಹಚ್ಚಿ, ಕತ್ತಲಾದ ಮೇಲೆ ಮಗುವನ್ನು ಅಂಗಳಕ್ಕೆ ತರಬೇಡಿ ಅನ್ನುವ ಮನೆಯ ಟಿವಿಯಲ್ಲಿ ದೆವ್ವ ಕುಣಿಯುವುದು ಯಾರಿಗೆ ಬೇಕು? ಆದರೂ ನೋಡುವವರು ನೋಡುತ್ತಾರೆ. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅದರಲ್ಲಿ ಕೆಲವು ಸಲ ನಡುರಾತ್ರಿಯೇ. ಆ ಹೊತ್ತಲ್ಲಿ ತೂಕಡಿಸದೆ ಕೂರಬೇಕು ಅಂದರೆ ಕೈಯಲ್ಲಿ ಮೊಬೈಲು, ಒಂದು ಕಿವಿಯಲ್ಲಿ ಇಯರ್‌ಫೋನು ಇರಬೇಕಾಗುತ್ತದೆ. ಹಾಗೆ ಕೂತು ನೋಡುವವರಿಗೆ, ಇನ್ನೇನು ಹೆರಿಗೆ ಆಗಬೇಕಾದವರಿಗೆ, ಅವರ ಗಂಡಂದಿರಿಗೆ, ಧೈರ್ಯ ಇದ್ದರೆ ಅತ್ತೆಯಂದಿರಿಗೂ ಈ ಬರಹ.

ನೆಟ್‌ನಲ್ಲಿ ಸಿಗುವ ಪಟ್ಟಿಗಳು ಎಷ್ಟು ಹೆದರಿಕೆ, ಎಷ್ಟು ರಕ್ತ ಅಂತ ನೋಡಿ ಸಿನಿಮಾಗಳನ್ನು ಸಾಲಾಗಿ ನಿಲ್ಲಿಸುತ್ತವೆ. ಮಗು ಇರುವ ಮನೆಗೆ ಆ ಲೆಕ್ಕ ಉಪಯೋಗವಿಲ್ಲ. ಲೇಬರ್ ವಾರ್ಡಿನಿಂದ ಬಂದವಳಿಗೆ ಸಿನಿಮಾದ ರಕ್ತ ಏನು ಮಹಾ! ನಾನು ನೋಡುವುದು ಬೇರೆ. ಆ ಸಿನಿಮಾದ ಮನೆಯಲ್ಲಿ ತಾಯಿಯ ಜೊತೆ ಯಾರಿದ್ದಾರೆ? ‘ಏನೋ ಸರಿ ಇಲ್ಲ’ ಅಂತ ಅವಳು ಹೇಳಿದಾಗ ಯಾರು ಕಿವಿಗೊಡುತ್ತಾರೆ? ಈ ಬಗೆಯ ಸಿನಿಮಾದಲ್ಲಿ ದೆವ್ವ ಹೇಗಿದ್ದರೂ ನಡೆಯುತ್ತದೆ. ನಿಜವಾದ ಹೆದರಿಕೆ ಶುರುವಾಗುವುದು ಅವಳ ಮಾತು ಯಾರಿಗೂ ತಾಗದೆ ಹೋದಾಗ.

ಹಾಗೆ ನೋಡಿದರೆ ಎರಡು ಗುಂಪು ಸಿಗುತ್ತದೆ. ಒಂದು, ತುಂಬಿದ ಮನೆಯ ಸಿನಿಮಾ. ಅಲ್ಲಿ ಎಲ್ಲರೂ ಇದ್ದಾರೆ, ಎಲ್ಲರಿಗೂ ಅವಳಿಗಿಂತ ಜಾಸ್ತಿ ಗೊತ್ತು. ಇನ್ನೊಂದು, ಒಂಟಿ ಮನೆಯ ಸಿನಿಮಾ. ಅಲ್ಲಿ ಹೇಳೋಣ ಅಂದರೆ ಜನವೇ ಇಲ್ಲ. ನಿಮ್ಮದು ಯಾವ ಮನೆ ಅಂತ ಮೊದಲು ಯೋಚಿಸಿ. ಹೊಸ ತಾಯಿ ತನ್ನದಲ್ಲದ ಮನೆಯ ಸಿನಿಮಾ ಆರಿಸಿಕೊಳ್ಳಲಿ. ಅವಳ ಸುತ್ತ ಇರುವವರು ಅವಳ ಮನೆಯದ್ದನ್ನೇ ನೋಡಲಿ. ನನ್ನ ಲೆಕ್ಕ ಇಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1960ರ ‘ಸೈಕೋ’, 1976ರ ‘ಕ್ಯಾರಿ’ಯಂಥ ಸಿನಿಮಾಗಳನ್ನು ಇಲ್ಲಿ ಸೇರಿಸಿಲ್ಲ. ಅವು ಒಳ್ಳೆಯ ಸಿನಿಮಾಗಳೇ. ಆದರೆ ಅಲ್ಲಿ ತಾಯಿ ಅಂದರೆ ಬೆಳೆದ ಮಕ್ಕಳ ತಲೆ ಕೆಡಿಸಿದವಳು. ಮಗುವನ್ನು ಸಾಕುವ ಕೆಲಸ ಅಲ್ಲಿ ಕಾಣುವುದಿಲ್ಲ.

ತುಂಬಿದ ಮನೆ

ಮಂಗಳೂರು, ಉಡುಪಿ ಕಡೆಯ ಬಾಣಂತನ ಗೊತ್ತಲ್ಲ. ಮೊದಲ ಹೆರಿಗೆ ತವರಿನಲ್ಲಿ. ಎಣ್ಣೆ ಹಚ್ಚಿ ಮೀಯಿಸಲು ಬರುವ ಹೆಂಗಸು, ಹಂಡೆ ತುಂಬ ಬಿಸಿನೀರು, ತಲೆಗೆ ಕಟ್ಟಿದ ಬಟ್ಟೆ, ಮೆಂತೆ ಗಂಜಿ, ಕಷಾಯ. ಈ ಆರೈಕೆ ಇಲ್ಲದಿದ್ದರೆ ಎಷ್ಟೋ ಹೆಂಗಸರು ಎದ್ದು ನಿಲ್ಲುವುದು ಕಷ್ಟವಿತ್ತು. ಆದರೆ ಅದರ ಜೊತೆಗೇ ಮಾತೂ ಬರುತ್ತದೆ. ಹಾಲು ಸಾಲುವುದಿಲ್ಲವಾ ಅಂತ ಒಬ್ಬರು, ಮಗು ಯಾಕೆ ಹೀಗೆ ಸಣ್ಣ ಉಂಟು ಅಂತ ಇನ್ನೊಬ್ಬರು, ಫ್ಯಾನ್ ಹಾಕಬೇಡ ಶೀತ ಆಗುತ್ತದೆ ಅಂತ ಮತ್ತೊಬ್ಬರು. ಬಾಣಂತಿಗೆ ಏನನ್ನಿಸುತ್ತದೆ ಅಂತ ಕೇಳುವವರು ಕಡಿಮೆ.

ಈ ಮನೆಯ ಸಿನಿಮಾ ಅಂದರೆ ರೋಮನ್ ಪೊಲಾನ್ಸ್ಕಿಯ ‘ರೋಸ್‌ಮೆರೀಸ್ ಬೇಬಿ’ (1968). ಕತೆ ನಡೆಯುವುದು ನ್ಯೂಯಾರ್ಕಿನ ಹಳೆಯ ಕಟ್ಟಡದ ಒಂದು ಫ್ಲ್ಯಾಟಿನಲ್ಲಿ. ಆದರೂ ನನಗೆ ಇದು ನಮ್ಮೂರಿನ ಕತೆಯ ಹಾಗೇ ಕಾಣುತ್ತದೆ. ಗರ್ಭಿಣಿ ರೋಸ್‌ಮೆರಿಗೆ ಪಕ್ಕದ ಮನೆಯ ಅಜ್ಜಿ ಮಿನಿ ದಿನಾ ಒಂದು ಲೋಟ ಪಾನೀಯ ತಂದು ಕೊಡುತ್ತಾಳೆ. ಹೆಸರಾಂತ ಡಾಕ್ಟರನ್ನು ಗೊತ್ತು ಮಾಡುವುದೂ ಆ ಮನೆಯವರೇ. ಆ ಡಾಕ್ಟರು ಹೇಳುವ ಮೊದಲ ಮಾತೇ ಪುಸ್ತಕ ಓದಬೇಡ, ಗೆಳತಿಯರ ಮಾತನ್ನೂ ಕೇಳಬೇಡ ಅಂತ. ಅವಳಿಗೆ ವಾರಗಟ್ಟಲೆ ಹೊಟ್ಟೆನೋವು. ತೂಕ ಏರುವ ಬದಲು ಇಳಿಯುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ. ಸರಿಹೋಗುತ್ತದೆ ಅನ್ನುವುದೊಂದೇ ಉತ್ತರ. ಯಾರೂ ಅವಳನ್ನು ಬೈಯುವುದಿಲ್ಲ, ಹೊಡೆಯುವುದಿಲ್ಲ. ಎಲ್ಲರೂ ಒಳ್ಳೆಯವರೇ! ಅದೇ ಇಲ್ಲಿನ ಭಯ.

ನನಗೆ ತುಂಬ ಹಿಡಿಸಿದ ದೃಶ್ಯದಲ್ಲಿ ದೆವ್ವದ ಸುಳಿವೇ ಇಲ್ಲ. ಮನೆಯಲ್ಲಿ ಪಾರ್ಟಿ. ಗೆಳತಿಯರು ರೋಸ್‌ಮೆರಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಾರೆ, ಅವಳ ಗಂಡನನ್ನು ಒಳಗೆ ಬಿಡುವುದಿಲ್ಲ. ಇಷ್ಟು ನೋವು ಇರಬಾರದು, ಬೇರೆ ಡಾಕ್ಟರಿಗೆ ತೋರಿಸು ಅನ್ನುತ್ತಾರೆ. ಅವಳು ಅತ್ತುಬಿಡುತ್ತಾಳೆ. ನೋವು ನಿಜ ಅಂತ ಒಬ್ಬರಾದರೂ ಒಪ್ಪಿದರಲ್ಲ ಅನ್ನುವ ಸಮಾಧಾನದ ಅಳು ಅದು. ಮಿನಿಯ ಪಾತ್ರ ಮಾಡಿದ ರೂತ್ ಗಾರ್ಡನ್‌ಗೆ ಪೋಷಕ ನಟಿಯ ಆಸ್ಕರ್ ಬಂತು. ಬಂದದ್ದು ಸರಿಯೇ. ಅಷ್ಟು ಪ್ರೀತಿಯ, ಅಷ್ಟು ತಲೆ ತಿನ್ನುವ ಮುದುಕಿಯನ್ನು ಮರೆಯುವುದು ಕಷ್ಟ.

ಸಿನಿಮಾ ಎರಡೂಕಾಲು ಗಂಟೆ, ನಿಧಾನ. ಇನ್ನೊಂದು ವಿಷಯವೂ ಗೊತ್ತಿರಲಿ. ಹದಿಮೂರು ವರ್ಷದ ಹುಡುಗಿಯ ಮೇಲೆ ಎಸಗಿದ ಅಪರಾಧವನ್ನು ಒಪ್ಪಿಕೊಂಡ ಪೊಲಾನ್ಸ್ಕಿ, ಶಿಕ್ಷೆ ಆಗುವ ಮೊದಲೇ 1978ರಲ್ಲಿ ಅಮೆರಿಕ ಬಿಟ್ಟು ಹೋದವನು. ಅವನ ಸಿನಿಮಾ ಬೇಡ ಅನ್ನುವವರು ಐರಾ ಲೆವಿನ್‌ನ 1967ರ ಕಾದಂಬರಿಯನ್ನೇ ಓದಬಹುದು. ಸಿನಿಮಾ ಅದನ್ನು ಬಹಳ ಹತ್ತಿರದಿಂದ ಹಿಂಬಾಲಿಸುತ್ತದೆ.

ಯಾರಿಗೆ ಇದು? ಗಂಡಂದಿರಿಗೆ. ಅದರಲ್ಲೂ ‘ಅಮ್ಮ ಹೇಳಿದ ಹಾಗೆ ಮಾಡು’ ಅಂತ ಹೇಳಿ ಹೊರಗೆ ಹೋಗುವ ಗಂಡಂದಿರಿಗೆ. ಗರ್ಭಿಣಿಯರಿಗೆ ಬೇಡ. ಡಾಕ್ಟರು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯ ಮೇಲೂ ಅನುಮಾನ ಬರಲು ಶುರುವಾದರೆ ಕಷ್ಟ.

ಇದೇ ಗುಂಪಿಗೆ ಸೇರುವ ಇನ್ನೊಂದು, ಆರಿ ಆಸ್ಟರ್‌ನ ‘ಹೆರೆಡಿಟರಿ’ (2018). ಇಲ್ಲಿ ಅಜ್ಜಿ ತೀರಿಹೋದ ಮೇಲೆ ಕತೆ ಶುರು. ಆದರೆ ಮನೆ ತುಂಬ ಅವಳೇ. ತಾಯಿ ಆ್ಯನಿ ಮಗಳಿಗೆ ಹೇಳುವ ಒಂದು ಮಾತು ಬರುತ್ತದೆ. ನೀನು ಸಣ್ಣವಳಿದ್ದಾಗ ಅಜ್ಜಿ ನಿನಗೆ ಉಣಿಸಲು ನನಗೇ ಬಿಡುತ್ತಿರಲಿಲ್ಲ, ಅವಳೇ ಉಣಿಸಬೇಕಿತ್ತು ಅಂತ. ಅಜ್ಜಿಗೆ ನಾನು ಗಂಡಾಗಬೇಕಿತ್ತು ಅನ್ನುತ್ತಾಳೆ ಆ ಹುಡುಗಿ. ಅಮೆರಿಕದ ಸಿನಿಮಾದಲ್ಲಿ ಈ ಎರಡು ಮಾತು ಕೇಳಿ ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಇರಲಾರರು. ಟೋನಿ ಕೊಲೆಟ್‌ಳ ನಟನೆ ಬೆಚ್ಚಿ ಬೀಳಿಸುತ್ತದೆ. ಆದರೆ ಇದರಲ್ಲಿ ಮಕ್ಕಳಿಗೆ ಆಗುವ ಅನಾಹುತವನ್ನು ಮುಚ್ಚಿ ತೋರಿಸಿಲ್ಲ. ಮನೆಯಲ್ಲಿ ಎಳೆ ಮಗು ಇದ್ದರೆ ಒಂದೆರಡು ವರ್ಷ ಹೋಗಲಿ, ಈ ಸಿನಿಮಾ ಎಲ್ಲಿಗೂ ಓಡಿಹೋಗುವುದಿಲ್ಲ.

ಹಿಂದಿಯ ‘ಛೋರಿ’ (2021) ಸಹ ಇಲ್ಲಿಗೇ ಸೇರಬೇಕು. ತುಂಬು ಗರ್ಭಿಣಿ ಸಾಕ್ಷಿ ಗಂಡನ ಜೊತೆ ಊರು ಬಿಟ್ಟು ಬಂದು ಕಬ್ಬಿನ ಗದ್ದೆಗಳ ನಡುವಿನ ಮನೆಯಲ್ಲಿ ಉಳಿಯುತ್ತಾಳೆ. ಅಲ್ಲಿಯ ಹೆಂಗಸಿನ ಆರೈಕೆಯಲ್ಲಿ ಎಂಥದೋ ಹುಳಿ ವಾಸನೆ. ಹೆಣ್ಣು ಮಗುವನ್ನು ಕೊಲ್ಲುವ ಪದ್ಧತಿಯ ಬಗ್ಗೆ ಈ ಕತೆ. ನಿರ್ದೇಶಕ ವಿಶಾಲ್ ಫುರಿಯಾ ತನ್ನದೇ ಮರಾಠಿ ಸಿನಿಮಾ ‘ಲಪಾಛಪಿ’ಯನ್ನು ಹಿಂದಿಯಲ್ಲಿ ಮತ್ತೆ ಮಾಡಿದ್ದು. ಕಬ್ಬಿನ ಗದ್ದೆಯಲ್ಲಿ ದಾರಿ ತಪ್ಪುವ ಭಾಗ ಚೆನ್ನಾಗಿದೆ. ಕೊನೆಗೆ ಪಾತ್ರಗಳು ಭಾಷಣಕ್ಕೆ ಇಳಿಯುತ್ತವೆ, ಅಲ್ಲಿ ಬಿಗಿ ಸಡಿಲವಾಗುತ್ತದೆ. ಹಾಗಂತ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು 1994ರಲ್ಲೇ ಬಂದಿದೆ. ಇವತ್ತಿಗೂ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿ ಆ ಬೋರ್ಡು ಇದೆ, ಇರಬೇಕಾದ ಅಗತ್ಯವೂ ಇದೆ. ಮೂರರಲ್ಲಿ ಮನೆಯವರೆಲ್ಲ ಕೂತು ನೋಡಿ ಮಾತಾಡಲು ಸುಲಭವಾದದ್ದು ಇದೇ. ಭಾಷೆಯ ತೊಡಕೂ ಕಡಿಮೆ.

ಇಲ್ಲಿ ಸಿರಿಯ ನೆನಪಾಗದೆ ಇರುವುದಿಲ್ಲ. ತುಳುವಿನ ಸಿರಿ ಪಾಡ್ದನದಲ್ಲಿ, ಅಂದರೆ ಹಾಡಿ ಹೇಳುವ ಕತೆಯಲ್ಲಿ, ಗರ್ಭಿಣಿ ಸಿರಿಗೆ ಗಂಡ ಕಾಂತು ಪೂಂಜ ಬಯಕೆಯ ಸೀರೆ ತರುತ್ತಾನೆ. ಆದರೆ ಅದನ್ನು ಮೊದಲು ತನ್ನ ಸೂಳೆಗೆ ಉಡಿಸಿರುತ್ತಾನೆ. ಸಿರಿ ಆ ಸೀರೆಯನ್ನು ನೆರೆದವರ ಎದುರೇ ಬೇಡ ಅನ್ನುತ್ತಾಳೆ. ತುಂಬಿದ ಮನೆಯಲ್ಲಿ ಗರ್ಭಿಣಿಯೊಬ್ಬಳು ಬಾಯಿಬಿಟ್ಟ ಕತೆ ಇದು. ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಅವರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು ಇತ್ತು. ನಂದಳಿಕೆ, ಹಿರಿಯಡಕ, ಕವತ್ತಾರಿನ ಸಿರಿ ಜಾತ್ರೆಗಳಲ್ಲಿ ಸಿರಿ ಮೈಮೇಲೆ ಬಂದ ಹೆಂಗಸರು ಮನೆಯಲ್ಲಿ ಆಡಲಾಗದ ಮಾತನ್ನು ಆಡುತ್ತಾರೆ. ಸುತ್ತ ನಿಂತವರು ಕೇಳುತ್ತಾರೆ, ಉತ್ತರವನ್ನೂ ಕೊಡುತ್ತಾರೆ. ರೋಸ್‌ಮೆರಿಗೆ ಅಂಥ ಒಂದು ರಾತ್ರಿ ಸಿಕ್ಕಿದ್ದರೆ ಸಿನಿಮಾ ಅರ್ಧ ಗಂಟೆಯಲ್ಲೇ ಮುಗಿದುಹೋಗುತ್ತಿತ್ತು.

ಒಂಟಿ ಮನೆ

ಬಾಣಂತನ ಮುಗಿಯಿತು. ಅಮ್ಮ ಊರಿಗೆ ಹೋದರು. ಕದ್ರಿಯಲ್ಲೋ ಬಿಜೈಯಲ್ಲೋ ಕೊಟ್ಟಾರದಲ್ಲೋ ಐದನೇ ಮಹಡಿಯ ಫ್ಲ್ಯಾಟು. ಗಂಡ ದುಬೈಯಲ್ಲಿ, ರಾತ್ರಿ ವೀಡಿಯೊ ಕಾಲಿನಲ್ಲಿ ಮಗುವಿನ ಮುಖ ನೋಡುತ್ತಾನೆ. ಮಗು ಅಳುತ್ತದೆ. ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿಲ್ಲ. ಮಂಗಳೂರಿನಲ್ಲಿ ಈಗ ಇಂಥ ಮನೆಗಳು ಎಷ್ಟಿಲ್ಲ!

ಇದಕ್ಕೆ ಹೊಂದುವ ಮೂರು ಸಿನಿಮಾ ಇವೆ. ಮೂರೂ ಒಂದಕ್ಕಿಂತ ಒಂದು ಚೆಂದ. ಆದ್ದರಿಂದ ಆರಿಸುವುದು ಕಷ್ಟ.

ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ ಮಾಡಿದ ‘ದಿ ಬಾಬಾಡೂಕ್’ (2014) ನಿದ್ದೆಗೆಟ್ಟ ತಾಯಿಯ ಸಿನಿಮಾ. ಅಮೀಲಿಯಾ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಹೆರಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕಾರು ಅಪಘಾತವಾಗಿ ಗಂಡ ಸತ್ತಿದ್ದಾನೆ. ಮಗನ ಹುಟ್ಟುಹಬ್ಬ ಅಂದರೆ ಗಂಡನ ಪುಣ್ಯತಿಥಿ. ಮಗ ಸ್ಯಾಮ್ಯುಯೆಲ್‌ಗೆ ಈಗ ಏಳು ತುಂಬಬೇಕು. ಇವನು ಜಾಣ ಮುದ್ದು ಮಗು ಅಲ್ಲ. ಕಿರುಚುತ್ತಾನೆ, ಒದೆಯುತ್ತಾನೆ, ರಾತ್ರಿ ಎಬ್ಬಿಸುತ್ತಾನೆ. ಶಾಲೆಯವರಿಗೆ ಅವನು ಬೇಡ, ಅವಳ ತಂಗಿಗೂ ಬೇಡ. ಹೆಚ್ಚಿನ ಸಿನಿಮಾಗಳು ತಾಯಿಯನ್ನು ದೇವಿ ಮಾಡುತ್ತವೆ, ಇಲ್ಲವೇ ರಾಕ್ಷಸಿ ಮಾಡುತ್ತವೆ. ಮಗುವಿನ ಮೇಲೆ ಸಿಟ್ಟು ಬಂದು, ಆ ಸಿಟ್ಟಿಗೆ ತಾನೇ ಹೆದರುವ ತಾಯಿಯನ್ನು ತೋರಿಸುವ ಧೈರ್ಯ ಕೆಲವರಿಗೆ ಮಾತ್ರ. ಎಸ್ಸಿ ಡೇವಿಸ್‌ಳ ಮುಖ ನೋಡಿ. ಅವಳ ಕಣ್ಣ ಕೆಳಗಿನ ಕಪ್ಪು ಸಿನಿಮಾದ ಯಾವ ದೆವ್ವಕ್ಕಿಂತಲೂ ನಿಜ ಅನ್ನಿಸುತ್ತದೆ. ಒಂದೂವರೆ ಗಂಟೆ ಅಷ್ಟೇ. ಕೊನೆ ಎಲ್ಲಿಗೆ ಹೋಗುತ್ತದೆ ಅಂತ ಹೇಳುವುದಿಲ್ಲ, ಆದರೆ ನೋಡಿ ಮುಗಿಸಿದ ಮೇಲೆ ಎದೆ ಹಗುರಾಗುವ ಹಾರರ್ ಸಿನಿಮಾಗಳಲ್ಲಿ ಇದೊಂದು.

ಜಪಾನಿನ ಹಿದಿಯೊ ನಕಾತ ಮಾಡಿದ ‘ಡಾರ್ಕ್ ವಾಟರ್’ (2002) ಬೇರೆಯೇ ಥರ. ವಿಚ್ಛೇದನದ ಕೇಸು ನಡೆಯುತ್ತಿದೆ. ಮಗಳು ತನ್ನ ಹತ್ತಿರವೇ ಉಳಿಯಬೇಕಾದರೆ ತಾನು ಒಳ್ಳೆಯ ತಾಯಿ ಅಂತ ಯೊಶಿಮಿ ತೋರಿಸಬೇಕು. ಸಿಕ್ಕಿದ ಬಾಡಿಗೆ ಮನೆಯ ಮಾಡು ಸೋರುತ್ತದೆ. ಮೇಲಿನ ಮನೆಯಿಂದ ನೀರು. ಹೇಳಿದರೆ ಕಟ್ಟಡದವರು ಕೇಳುವುದಿಲ್ಲ. ಕೆಲಸದಿಂದ ಬರುವಾಗ ತಡವಾಗಿ, ಮಗಳು ಶಾಲೆಯಲ್ಲಿ ಕಾಯುತ್ತಾಳೆ. ಆ ದೃಶ್ಯದಲ್ಲಿ ನಿಮ್ಮ ಕೈ ಬಿಗಿಯದಿದ್ದರೆ ನೀವು ಎಂದೂ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ತಾಯಿ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಲ್ಯಾಬಿನ ಅಡಿ ಬಕೆಟ್ ಇಡುವ ನಮ್ಮೂರಿನವರಿಗೆ ಈ ಸಿನಿಮಾದ ತೇವ ಚೆನ್ನಾಗಿ ಅರ್ಥವಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ನೋಡಬೇಡಿ ಮಾರಾಯ್ರೆ. ಯಾವ ಹನಿ ಟಿವಿಯದ್ದು, ಯಾವುದು ಮನೆಯದ್ದು ಅಂತ ಗೊತ್ತಾಗುವುದಿಲ್ಲ. ಕೊನೆ ಮಾತ್ರ ತುಂಬ ದುಃಖದ್ದು. 2005ರಲ್ಲಿ ಇದರ ಇಂಗ್ಲಿಷ್ ರೀಮೇಕ್ ಬಂತು, ಜಪಾನಿದ್ದೇ ಸಾಕು.

ಮೂರನೆಯದು ಬಾಬಕ್ ಅನ್ವರಿಯ ‘ಅಂಡರ್ ದಿ ಶ್ಯಾಡೊ’ (2016), ಫಾರ್ಸಿ ಭಾಷೆಯದ್ದು. 1980ರ ದಶಕದ ಟೆಹರಾನ್. ಇರಾನ್-ಇರಾಕ್ ಯುದ್ಧ. ಶಿದೆಗೆ ಡಾಕ್ಟರಾಗುವ ಆಸೆ. ಹಳೆಯ ರಾಜಕೀಯದ ಕಾರಣಕ್ಕೆ ಕಾಲೇಜಿಗೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಡಾಕ್ಟರ್ ಗಂಡನನ್ನು ಯುದ್ಧದ ಕಡೆಗೆ ಕಳಿಸುತ್ತಾರೆ. ಕಟ್ಟಡಕ್ಕೆ ಕ್ಷಿಪಣಿ ಬಿದ್ದ ಮೇಲೆ ನೆರೆಯವರು ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಾರೆ. ಮಗಳ ಗೊಂಬೆ ಕಾಣೆಯಾಗುತ್ತದೆ. ಗಾಳಿಯ ಜೊತೆ ಜಿನ್ ಬಂದಿದೆ ಅನ್ನುವ ಮಾತು ಹಬ್ಬುತ್ತದೆ. ದೂರದಲ್ಲಿ ಕೆಲಸ ಮಾಡುವ ಗಂಡ, ಫೋನಿನಲ್ಲೇ ನಡೆಯುವ ಸಂಸಾರ, ಅರ್ಧಕ್ಕೆ ನಿಂತ ಓದು. ಇದು ನಮ್ಮ ಕರಾವಳಿಯ ಹೆಂಗಸರಿಗೆ ಹೊಸದೇ? ಜಿನ್‌ಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಶಿದೆಯ ಅಸಹನೆ. ಮಗಳನ್ನು ಪ್ರೀತಿಸುತ್ತಾಳೆ. ಆದರೆ ತಾನು ಮತ್ತೇನೋ ಆಗಬೇಕಿತ್ತು ಅನ್ನುವುದು ಅವಳ ಮುಖದಿಂದ ಅಳಿಸಿ ಹೋಗುವುದೇ ಇಲ್ಲ. ಅದಕ್ಕೆ ಅವಳನ್ನು ಕೆಟ್ಟವಳು ಅಂತ ಸಿನಿಮಾ ಎಲ್ಲೂ ಹೇಳುವುದಿಲ್ಲ.

ಮೂರರಲ್ಲಿ ಒಂದು ಅಂದರೆ ಹೀಗೆ. ನಿದ್ದೆಯೇ ದೊಡ್ಡ ಸಮಸ್ಯೆ ಆಗಿದ್ದರೆ ‘ಬಾಬಾಡೂಕ್’. ಕೆಲಸಕ್ಕೆ ಹೋಗುವ ತಾಯಿ, ಮಗುವನ್ನು ಡೇ ಕೇರಿನಲ್ಲಿ ಬಿಡುವಾಗ ಹೊಟ್ಟೆ ಕಿವುಚುವವಳು ‘ಡಾರ್ಕ್ ವಾಟರ್’ನಿಂದ ದೂರ ಇರಲಿ, ಅವಳ ಗಂಡ ನೋಡಲಿ. ಓದು, ಕೆಲಸ ಬಿಟ್ಟು ಮನೆಯಲ್ಲಿ ಕೂತವರಿಗೆ ‘ಅಂಡರ್ ದಿ ಶ್ಯಾಡೊ’. ಕಿಕ್ಕಿರಿದ ತವರಿನಲ್ಲಿ ಕೂತ ಬಾಣಂತಿಗೆ ನಾನು ಕೊಡುವುದು ‘ಬಾಬಾಡೂಕ್’. ನೋಡಿ ಮುಗಿಸಿದಾಗ ಫ್ಯಾನ್ ಆಫ್ ಮಾಡುವ ದೊಡ್ಡಮ್ಮನ ಮೇಲೂ ಸ್ವಲ್ಪ ಪ್ರೀತಿ ಬಂದೀತು.

ಮೆಕ್ಸಿಕೋದ ‘ಉಏಸೆರಾ’ (2022) ಹೆಸರು ಈಚೆಗೆ ತುಂಬ ಕೇಳಿಬರುತ್ತದೆ. ಮರಗೆಲಸ ಮಾಡುವ ವಲೇರಿಯಾಗೆ ಮಗು ಬೇಕೋ ಬೇಡವೋ ಅನ್ನುವುದೇ ಖಚಿತ ಇಲ್ಲ. ಬೆರಳ ನೆಟಿಗೆ ತೆಗೆಯುವ ಸದ್ದನ್ನೇ ಹೆದರಿಕೆ ಮಾಡಿದ್ದಾರೆ. ಮಗು ಮಾಡಿಕೊಳ್ಳಿ ಅಂತ ಎಲ್ಲರೂ ಬೆನ್ನು ಹತ್ತಿದ, ಇನ್ನೂ ತೀರ್ಮಾನ ಮಾಡದ ದಂಪತಿಗೆ ಇದು ಸರಿ. ಬ್ರಿಟನ್ನಿನ ‘ಪ್ರಿವೆಂಜ್’ (2016) ಕರಾಳ ತಮಾಷೆಯದ್ದು. ಹೊಟ್ಟೆಯೊಳಗಿನ ಮಗು ತಾಯಿಗೆ ಕೊಲೆ ಮಾಡಲು ಹೇಳಿಕೊಡುತ್ತದೆ. ಬರೆದು, ನಿರ್ದೇಶಿಸಿ, ನಟಿಸಿದ ಆಲಿಸ್ ಲೋ ಆಗ ನಿಜವಾಗಿಯೂ ಗರ್ಭಿಣಿ. ಎಲ್ಲರ ರುಚಿಗೆ ಒಗ್ಗುವುದಿಲ್ಲ.

ಅಪ್ಪಂದಿರಿಗೆ ಬೇರೆ

ಮಗು ಸಾಕುವ ಭಯವನ್ನು ಗಂಡಸಿನ ಕಡೆಯಿಂದ ತೋರಿಸಿದ ಸಿನಿಮಾ ಕಡಿಮೆ. ಡೇವಿಡ್ ಲಿಂಚ್‌ನ ಕಪ್ಪು-ಬಿಳುಪು ‘ಇರೇಸರ್‌ಹೆಡ್’ (1977) ಅಂಥದ್ದು. ವಿಚಿತ್ರ ಆಕಾರದ ಮಗು, ರಾತ್ರಿಯಿಡೀ ನಿಲ್ಲದ ಅಳು. ನಿದ್ದೆ ಇಲ್ಲದೆ ಸಾಕಾಗಿ ತಾಯಿ ತವರಿಗೆ ಹೋಗಿಬಿಡುತ್ತಾಳೆ, ಮಗುವನ್ನು ಅಪ್ಪನ ಹತ್ತಿರವೇ ಬಿಟ್ಟು! ಆ ಮಗುವನ್ನು ಹೇಗೆ ತಯಾರಿಸಿದ್ದು ಅಂತ ಲಿಂಚ್ ಯಾವತ್ತೂ ಬಾಯಿಬಿಡಲಿಲ್ಲ. ಎಲ್ಲರೂ ಕೂತು ನೋಡುವ ಸಿನಿಮಾ ಅಲ್ಲ, ಕತೆ ಹುಡುಕುವವರಿಗೂ ಅಲ್ಲ. ಆದರೆ ಜ್ವರ ಬಂದ ಮಗುವಿನ ಪಕ್ಕ ಏನು ಮಾಡಬೇಕು ಅಂತ ಗೊತ್ತಾಗದೆ ಕೂತ ಅಪ್ಪನ ಸ್ಥಿತಿ ಇಷ್ಟು ಸರಿಯಾಗಿ ಬೇರೆಲ್ಲೂ ಬಂದಿಲ್ಲ.

‘ಎ ಕ್ವಾಯಟ್ ಪ್ಲೇಸ್’ (2018) ಇದರ ಪೂರ್ತಿ ವಿರುದ್ಧ. ಸದ್ದು ಮಾಡಿದರೆ ಪ್ರಾಣಿಗಳು ಬಂದು ಕೊಲ್ಲುವ ಲೋಕ. ಅಂಥದ್ದರಲ್ಲಿ ಹೆರಿಗೆ! ಗಂಡ-ಹೆಂಡತಿ ಸೇರಿ ಮಗುವಿಗೆ ಸದ್ದು ಹೊರಗೆ ಹೋಗದ ಪೆಟ್ಟಿಗೆ, ಆಮ್ಲಜನಕ ಎಲ್ಲ ಮೊದಲೇ ತಯಾರು ಮಾಡಿಡುತ್ತಾರೆ. ಇಲ್ಲಿ ತಾಯಿ ಒಂಟಿಯಲ್ಲ, ಅವಳ ಮಾತಿಗೆ ಬೆಲೆ ಇದೆ. ಆದ್ದರಿಂದ ನನ್ನ ಎರಡು ಗುಂಪಿಗೂ ಇದು ಸೇರುವುದಿಲ್ಲ. ಮಗು ಮಲಗಿದ ಮೇಲೆ ಬೆರಳ ತುದಿಯಲ್ಲಿ ನಡೆದು ಅಭ್ಯಾಸ ಇರುವ ಎಲ್ಲ ಅಪ್ಪ-ಅಮ್ಮಂದಿರಿಗೆ ಧಾರಾಳವಾಗಿ ಹೇಳಬಹುದು. ಆದರೆ ಶುರುವಿನಲ್ಲೇ ಒಂದು ಮಗುವಿಗೆ ಅಪಾಯ ಆಗುತ್ತದೆ, ಅಷ್ಟು ತಿಳಿದು ಕೂರಿ.

ನಮ್ಮ ಸುತ್ತಿನ ಭಾಷೆಗಳಲ್ಲಿ

ತಮಿಳಿನ ‘ಮಾಯ’ (2015) ನೋಡಿಲ್ಲದಿದ್ದರೆ ನೋಡಿ. ಇದರಲ್ಲಿ ನಯನತಾರಾಳದ್ದು ಗಂಡನಿಂದ ದೂರವಾಗಿ ಎಳೆ ಮಗು ಕಟ್ಟಿಕೊಂಡ ನಟಿಯ ಪಾತ್ರ. ಕೈಯಲ್ಲಿ ಕಾಸಿಲ್ಲ, ಮೇಲಿಂದ ಸಾಲ. ಥಿಯೇಟರಿನಲ್ಲಿ ಒಬ್ಬಳೇ ಕೂತು ಹಾರರ್ ಸಿನಿಮಾ ನೋಡಿದರೆ ಬಹುಮಾನ ಅಂದಾಗ ಒಪ್ಪಿಕೊಳ್ಳುತ್ತಾಳೆ. ಹಾಲಿನ ಪುಡಿಯ ಖರ್ಚು ಹೆದರಿಕೆಗಿಂತ ದೊಡ್ಡದು ಅನ್ನುವುದನ್ನು ಹಾರರ್ ಸಿನಿಮಾ ಒಂದು ಹೇಳುವುದು ಅಪರೂಪ. ಕನ್ನಡದಲ್ಲಿ ಇದು 2017ರಲ್ಲಿ ‘ಆಕೆ’ ಆಗಿ ಬಂತು, ನಿರ್ದೇಶನ ಕೆ. ಎಂ. ಚೈತನ್ಯ. ಕನ್ನಡದಲ್ಲೇ ಬೇಕು ಅನ್ನುವವರಿಗೆ ಅದು. ಎರಡೂ ಸಿಕ್ಕಿದರೆ ನನ್ನ ಓಟು ತಮಿಳಿಗೆ.

ಮಲಯಾಳದ ‘ಭೂತಕಾಲಂ’ (2022) ಮಾತ್ರ ಯಾವ ದೇಶದ ಸಿನಿಮಾಕ್ಕೂ ಕಡಿಮೆ ಇಲ್ಲ. ಇಲ್ಲಿ ಮಗ ಬೆಳೆದ ಹುಡುಗ, ಕೆಲಸ ಇಲ್ಲ. ತಾಯಿಗೆ ಖಿನ್ನತೆ. ಬಾಡಿಗೆ ಮನೆಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ಇಬ್ಬರೇ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ನಂಬುವುದಿಲ್ಲ. ರೇವತಿಗೆ ಕೇರಳದ ರಾಜ್ಯ ಪ್ರಶಸ್ತಿ ಬಂದದ್ದು ಇದಕ್ಕೇ. ಮಗು ಸಾಕುವ ಕೆಲಸ ಹದಿನೆಂಟು ವರ್ಷಕ್ಕೆ ಮುಗಿಯುತ್ತದೆ ಅಂದುಕೊಂಡವರು ನೋಡಬೇಕು. ಅಮ್ಮ ಮತ್ತು ಬೆಳೆದ ಮಗ ಜೊತೆಯಲ್ಲಿ ಕೂತು ನೋಡಿದರೆ ಇನ್ನೂ ಒಳ್ಳೆಯದು. ಮುಗಿದ ಮೇಲೆ ಇಬ್ಬರಿಗೂ ಮಾತಾಡಲು ಸಾಕಷ್ಟು ಇರುತ್ತದೆ.

‘ರಂಗಿತರಂಗ’ (2015) ನಮ್ಮ ಕಡೆಯ ಹಿನ್ನೆಲೆಯ ಕತೆ, ಅದರಲ್ಲೂ ಗರ್ಭಿಣಿ ಹೆಂಡತಿ ಇದ್ದಾಳೆ ಅಂತ ಕೆಲವರು ಕೇಳುತ್ತಾರೆ. ಚೆಂದದ ಥ್ರಿಲ್ಲರ್. ಆದರೆ ಗರ್ಭ ಅಲ್ಲಿ ಕತೆಗೆ ಬೇಕಾದ ಅಪಾಯ ಅಷ್ಟೇ. ತಾಯಿಯ ಮನಸ್ಸಿನೊಳಗೆ ಅದು ಹೋಗುವುದಿಲ್ಲ.

ಯಾರು ನೋಡಬಾರದು

ಇಲ್ಲಿ ಸ್ವಲ್ಪ ಗಂಭೀರವಾಗಿ ಹೇಳಬೇಕು. ಹೆರಿಗೆಯಾದ ಮೊದಲ ಎರಡು ವಾರ ಸುಮ್ನೆ ಅಳು ಬರುವುದು, ಕಿರಿಕಿರಿ ಆಗುವುದು ಸಾಮಾನ್ಯ. ಅದು ಬಿಡದೆ ಮುಂದುವರಿದರೆ ಬಾಣಂತಿ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೊಸ ತಾಯಂದಿರಲ್ಲಿ ಸುಮಾರು 13 ಶೇಕಡಾ ಜನರಿಗೆ ಮಾನಸಿಕ ತೊಂದರೆ ಕಾಣಿಸುತ್ತದೆ, ಮುಖ್ಯವಾಗಿ ಖಿನ್ನತೆ. ನಮ್ಮಂಥ ಅಭಿವೃದ್ಧಿಶೀಲ ದೇಶಗಳಲ್ಲಿ ಅದು 20 ಶೇಕಡಾದ ಹತ್ತಿರ. ಇನ್ನೂ ಅಪರೂಪದ್ದು ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ಇದ್ದಕ್ಕಿದ್ದಂತೆ ಶುರುವಾಗುತ್ತದೆ. ನಿದ್ದೆ ಬರುವುದಿಲ್ಲ, ಇಲ್ಲದ ದನಿ ಕೇಳಿಸುತ್ತದೆ, ಮಗುವಿನ ಮೈಯಲ್ಲಿ ಏನೋ ಹೊಕ್ಕಿದೆ, ಇದು ನನ್ನ ಮಗುವೇ ಅಲ್ಲ ಅನ್ನಿಸುತ್ತದೆ.

ಓದಿದರೆ ಹಾರರ್ ಸಿನಿಮಾದ ಕತೆಯ ಹಾಗೇ ಇದೆ, ಅಲ್ವಾ? ಸಿನಿಮಾದಲ್ಲಿ ತಾಯಿಗೆ ಅನ್ನಿಸಿದ್ದು ನಿಜವೇ ಆಗಿರುತ್ತದೆ. ಮನೆಯಲ್ಲಿ ಅದು ಕಾಯಿಲೆ, ತುರ್ತಾಗಿ ಡಾಕ್ಟರಿಗೆ ತೋರಿಸಬೇಕಾದ, ಔಷಧಿಗೆ ಬಗ್ಗುವ ಕಾಯಿಲೆ. ಅಂಥ ಲಕ್ಷಣ ಕಂಡರೆ ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬಾರದು. ಮಂಗಳೂರು, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿಕೊಳ್ಳುವ ವಿಭಾಗ 2009ರಿಂದ ಇದೆ. ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅಂದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು. ಜೋಯಿಸರ ಹತ್ತಿರ ಪ್ರಶ್ನೆ ಇಡಬೇಕು ಅಂತ ಮನೆಯವರು ಹೇಳಿದರೆ ಅದು ಆಮೇಲೆ ಆಗಲಿ. ಈ ಸ್ಥಿತಿಯಲ್ಲಿ ಇರುವವರಿಗೆ, ಹಿಂದೆ ಇದ್ದವರಿಗೆ ಮೇಲೆ ಹೇಳಿದ ಯಾವ ಸಿನಿಮಾವೂ ಬೇಡ. ಅವರ ಗಂಡಂದಿರು ‘ರೋಸ್‌ಮೆರೀಸ್ ಬೇಬಿ’ಯನ್ನು ಒಬ್ಬರೇ ನೋಡಿ, ಹೆಂಡತಿಯ ಮಾತು ಕೇಳುವುದನ್ನು ಕಲಿತರೆ ಲಾಭ ಉಂಟು.

ಮಗುವನ್ನು ಕಳೆದುಕೊಂಡವರ ವಿಷಯ ಬೇರೆ. ಅವರಿಗೆ ಸಿನಿಮಾ ಸೂಚಿಸಲು ನನಗೆ ಬಾಯಿ ಬರುವುದಿಲ್ಲ. ಆದರೂ ಕೇಳಿದರೆ ಸ್ಪೇನಿನ ‘ದಿ ಆರ್ಫನೇಜ್’ (2007) ಹೆಸರು ಹೇಳಿಯೇನು, ಅದೂ ಎಷ್ಟೋ ವರ್ಷ ಕಳೆದ ಮೇಲೆ. ಕಾಣೆಯಾದ ಮಗನನ್ನು ಹುಡುಕುವ ತಾಯಿಯ ಕತೆ. ಅಲ್ಲಿ ಸತ್ತ ಮಕ್ಕಳು ಹೆದರಿಸಲು ಬಂದವರಲ್ಲ, ಅವರಿಗೂ ಆಟ ಬೇಕು, ನೋಡಿಕೊಳ್ಳುವವರು ಬೇಕು. ತುಳುನಾಡಿನವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮಲ್ಲಿ ಎಳವೆಯಲ್ಲೇ ಸತ್ತ ಮಗು ಕುಲೆಯಾಗಿ, ಅಂದರೆ ಪ್ರೇತವಾಗಿ, ಅಲ್ಲಿಯೇ ಬೆಳೆಯುತ್ತದೆ ಅನ್ನುವ ನಂಬಿಕೆ ಇದೆ. ಮದುವೆಯ ವಯಸ್ಸಾದಾಗ ಹಾಗೆಯೇ ಸತ್ತ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಸೀರೆ, ಕರಿಮಣಿ, ಊಟ ಎಲ್ಲ ಇಟ್ಟು, ಪ್ರೇತ ಮದುವೆ ಮಾಡುತ್ತಾರೆ. ಹೊರಗಿನವರು ವೀಡಿಯೊ ನೋಡಿ ವಿಚಿತ್ರ ಅಂತ ಹಂಚಿಕೊಂಡರು. ನನಗೆ ಅದರಲ್ಲಿ ವಿಚಿತ್ರ ಕಾಣುವುದಿಲ್ಲ. ತೊಟ್ಟಿಲಲ್ಲೇ ಹೋದ ಮಗುವಿಗೆ ಇಪ್ಪತ್ತು ವರ್ಷದ ನಂತರ ಸೀರೆ ಆರಿಸುವ ಹೆಂಗಸಿನ ಬಗ್ಗೆ ಯಾರಾದರೂ ಸಿನಿಮಾ ಮಾಡಿದರೆ ಮೊದಲ ಟಿಕೆಟು ನನ್ನದು.

ಹೇಗೆ ನೋಡುವುದು

ಎರಡೂ ಕಿವಿಗೆ ಇಯರ್‌ಫೋನು ಬೇಡ, ಮಗು ಎದ್ದರೆ ಕೇಳಬೇಕು. ಸೌಂಡ್ ಕಡಿಮೆ ಇಡಿ. ಹಾರರ್ ಸಿನಿಮಾದವರಿಗೆ ಇದ್ದಕ್ಕಿದ್ದಂತೆ ದಡ್ ಅನ್ನಿಸುವ ಚಟ. ಹಾಲು ಕುಡಿಸುವಾಗ ಬೆಚ್ಚಿದರೆ ಮಗುವೂ ಬೆಚ್ಚುತ್ತದೆ. ಒಂದೇ ಸಲಕ್ಕೆ ಮುಗಿಸಬೇಕು ಅಂತಿಲ್ಲ. ‘ರೋಸ್‌ಮೆರೀಸ್ ಬೇಬಿ’ಯನ್ನು ನಾಲ್ಕು ಕಂತಿನಲ್ಲಿ ನೋಡಿದರೂ ಬಿಗಿ ತಪ್ಪುವುದಿಲ್ಲ, ‘ಡಾರ್ಕ್ ವಾಟರ್’ಗೆ ಮಾತ್ರ ಒಂದೇ ಕೂರಿಕೆ ಬೇಕು. ಆ ಒಂದೂಮುಕ್ಕಾಲು ಗಂಟೆ ಮಗುವನ್ನು ಯಾರಾದರೂ ಎತ್ತಿಕೊಳ್ಳಬೇಕಲ್ಲ. ‘ಎ ಕ್ವಾಯಟ್ ಪ್ಲೇಸ್’ ನೋಡಿ ಆ ಅಪ್ಪನನ್ನು ಹೊಗಳಿದ ಗಂಡ ಮನೆಯಲ್ಲಿದ್ದರೆ ಅವನ ಕೈಗೇ ಕೊಡಿ.